ಹಕ್ಕಿ ಉಳಿದಲ್ಲಿ ಹವಳ: ಚಾಗೋಸ್ ದ್ವೀಪಸಮೂಹದ ಕಡಲು

ಕೇಳುಗರಿಗೆ ನಮಸ್ಕಾರ.

ಹವಳದ ದಿಬ್ಬಗಳನ್ನು ಕಾಪಾಡುವುದು ಹೇಗೆ ಎಂಬ ಪ್ರಶ್ನೆ ಬಂದಾಗಲೆಲ್ಲ ನಮ್ಮೆಲ್ಲರ ಗಮನ ನೀರಿನ ಕಡೆಗೇ ಹರಿಯುತ್ತದೆ. ಮೀನುಗಾರಿಕೆಯನ್ನು ನಿಷೇಧಿಸಬೇಕು, ಗಸ್ತು ಹಡಗು ಓಡಾಡಬೇಕು, ನಕ್ಷೆಯ ಮೇಲೆ ಗಡಿ ಎಳೆಯಬೇಕು ಎನ್ನುತ್ತೇವೆ. ಇವೆಲ್ಲ ಬೇಕಾದವುಗಳೇ. ಆದರೆ ಇವತ್ತು ನಾನು ಹೇಳಲು ಬಂದಿರುವ ಮಾತು ಬೇರೆಯದು, ಮತ್ತು ಅದು ಒಂದೇ ಮಾತು: ಹವಳ ಉಳಿಯಬೇಕಾದರೆ ದ್ವೀಪದ ನೆಲದ ಮೇಲಿನ ಇಲಿ ಹೋಗಬೇಕು. ಇದನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸಿಕೊಟ್ಟ ಜಾಗ ಚಾಗೋಸ್ ದ್ವೀಪಸಮೂಹ.

ಮಾಲ್ಡೀವ್ಸ್‌ನಿಂದ ದಕ್ಷಿಣಕ್ಕೆ ಸುಮಾರು 500 ಕಿಲೋಮೀಟರ್ ದೂರದಲ್ಲಿ, ಸಮಭಾಜಕ ವೃತ್ತವನ್ನು ದಾಟಿದ ಮೇಲೆ, ಹಿಂದೂ ಮಹಾಸಾಗರದ ನಟ್ಟನಡುವೆ ಈ ದ್ವೀಪಗಳಿವೆ. ಐವತ್ತಕ್ಕೂ ಹೆಚ್ಚು ದ್ವೀಪಗಳನ್ನು ಒಟ್ಟುಗೂಡಿಸಿದರೂ ನೆಲ ಸಿಗುವುದು ಸುಮಾರು 60 ಚದರ ಕಿಲೋಮೀಟರ್ ಮಾತ್ರ. ಅದರಲ್ಲಿ ಅರ್ಧದಷ್ಟು ಡಿಯಾಗೊ ಗಾರ್ಸಿಯಾ ಎಂಬ ಒಂದೇ ದ್ವೀಪದ ಪಾಲು. ನೀರಿನ ಕೆಳಗಿನ ಲೆಕ್ಕವೇ ಬೇರೆ. ಗ್ರೇಟ್ ಚಾಗೋಸ್ ಬ್ಯಾಂಕ್ ಎಂಬ ಮುಳುಗಿದ ಹವಳದ ದಿಬ್ಬ 12,000 ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರವಾಗಿದೆ, ಎಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ದೊಡ್ಡದು. ಜಗತ್ತಿನಲ್ಲಿ ಇಷ್ಟು ದೊಡ್ಡ ಅಟಾಲ್, ಅಂದರೆ ಉಂಗುರಾಕಾರದ ಹವಳದ ರಚನೆ, ಇನ್ನೊಂದಿಲ್ಲ.

ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಹೊತ್ತು ಹೊರಡುವ ಮಂಜಿಗಳನ್ನು ಕರಾವಳಿಯ ಕೇಳುಗರು ನೋಡಿಯೇ ಇರುತ್ತಾರೆ. ಆ ಲಕ್ಷದ್ವೀಪ, ಅದರ ಕೆಳಗಿನ ಮಾಲ್ಡೀವ್ಸ್, ಇನ್ನೂ ಕೆಳಗಿನ ಚಾಗೋಸ್, ಇವು ಮೂರೂ ಕಡಲೊಳಗಿನ ಒಂದೇ ಬೆಟ್ಟಸಾಲಿನ ಮೇಲೆ ಬೆಳೆದಿವೆ. ದಖ್ಖನ್ ಪ್ರಸ್ಥಭೂಮಿಯ ಲಾವಾ ಯಾವ ಮೂಲದಿಂದ ಉಕ್ಕಿತೋ, ಭಾರತದ ಭೂಫಲಕ ಉತ್ತರಕ್ಕೆ ಸರಿಯುತ್ತ ಹೋದಂತೆ ಅದೇ ಮೂಲ ಈ ಸಾಲಿನ ಬುಡವನ್ನೂ ಕಟ್ಟಿತು. ವಿಜಯಪುರದ ಗೋಲಗುಮ್ಮಟಕ್ಕೆ ಬಳಸಿದ ಕಪ್ಪುಕಲ್ಲಿಗೂ ಚಾಗೋಸಿನ ಹವಳದಡಿಯ ಕಲ್ಲಿಗೂ ಇರುವ ನಂಟು ಇದು.

ಈ ಕಡಲಿನಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಯ ಹವಳಗಳಿವೆ, 780ರಷ್ಟು ಜಾತಿಯ ಮೀನುಗಳಿವೆ. ಬೇರೆಲ್ಲಿಯೂ ಕಾಣಸಿಗದ ಚಾಗೋಸ್ ಕ್ಲೌನ್ ಮೀನು ಇಲ್ಲಿದೆ. ದಡದ ಮೇಲೆ, ತೆಂಗಿನಕಾಯಿಯನ್ನೇ ಒಡೆದು ತಿನ್ನಬಲ್ಲ ದೈತ್ಯ ಏಡಿಗಳಿವೆ. ಹಸಿರು ಆಮೆಗಳು ಇಲ್ಲಿಗೆ ಬಂದು ಮೊಟ್ಟೆಯಿಡುತ್ತವೆ. ಉಪಗ್ರಹ ಸಾಧನ ಅಂಟಿಸಿ ಬಿಟ್ಟ ಅಂಥ ಒಂದು ಆಮೆ ಸುಮಾರು 4,000 ಕಿಲೋಮೀಟರ್ ಈಜಿ ಸೊಮಾಲಿಯದ ಕರಾವಳಿಯನ್ನು ಸೇರಿತು. ಆಮೆಗಳ ಬಗ್ಗೆಯೇ ಒಂದು ಭಾಷಣ ಮಾಡಬಹುದು. ಆದರೆ ನನಗೆ ಇಲಿಯ ಕಡೆಗೆ ಹೋಗಬೇಕಾಗಿದೆ.

ಈ ದ್ವೀಪಗಳಲ್ಲಿ ಮೊದಲು ಇಲಿಗಳಿರಲಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರೆಂಚರು ಇಲ್ಲಿ ತೆಂಗಿನ ತೋಟಗಳನ್ನು ಹಾಕಿದರು. ಆಫ್ರಿಕದಿಂದಲೂ ಮಡಗಾಸ್ಕರಿನಿಂದಲೂ ಗುಲಾಮರನ್ನು ತಂದು ದುಡಿಸಿದರು, ಕೊಬ್ಬರಿಯನ್ನೂ ಎಣ್ಣೆಯನ್ನೂ ಹಡಗಿಗೇರಿಸಿದರು. ಆ ಹಡಗುಗಳಿಂದ ಕಪ್ಪು ಇಲಿ ಇಳಿಯಿತು. ಇಲಿ ತೆಂಗಿನ ತೋಟದಲ್ಲಿ ಮಾಡುವ ಹಾನಿ ಎಂಥದ್ದೆಂದು ಕರಾವಳಿಯ ಕೃಷಿಕರಿಗೆ ನಾನು ವಿವರಿಸಬೇಕಾಗಿಲ್ಲ. ಆದರೆ ನೆಲದ ಮೇಲೆ ಗೂಡು ಮಾಡುವ, ಸಾವಿರಾರು ವರ್ಷಗಳಿಂದ ಇಂಥ ಶತ್ರುವನ್ನೇ ಕಾಣದ ಕಡಲಹಕ್ಕಿಗಳ ನಡುವೆ ಇಲಿ ಬಂದರೆ ಏನಾದೀತು? ಮೊಟ್ಟೆ ಉಳಿಯುವುದಿಲ್ಲ, ಮರಿ ಉಳಿಯುವುದಿಲ್ಲ. ಕೆಲವು ದಶಕಗಳಲ್ಲಿ ದ್ವೀಪವೇ ಬರಿದಾಗುತ್ತದೆ. ಆದರೂ ಹಲವು ದ್ವೀಪಗಳಿಗೆ ಇಲಿ ತಲುಪಲೇ ಇಲ್ಲ. ಹೀಗಾಗಿ ಒಂದೇ ಕಡಲು, ಒಂದೇ ಹವಾಮಾನ, ಮೀನು ಹಿಡಿಯುವವರು ಎರಡೂ ಕಡೆ ಇಲ್ಲ. ವ್ಯತ್ಯಾಸವೆಂದರೆ ಕೆಲವು ದ್ವೀಪಗಳಲ್ಲಿ ಇಲಿ ಇದೆ, ಕೆಲವದರಲ್ಲಿ ಇಲ್ಲ. ಪ್ರಯೋಗಶಾಲೆಯಲ್ಲಿ ಎಷ್ಟು ಹಣ ಸುರಿದರೂ ಇಂಥ ಪ್ರಯೋಗವನ್ನು ಏರ್ಪಡಿಸಲು ಸಾಧ್ಯವಿಲ್ಲ.

ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ನಿಕ್ ಗ್ರಹಾಂ ಮತ್ತು ಅವರ ಸಂಗಡಿಗರು ಇದನ್ನು ಸರಿಯಾಗಿ ಬಳಸಿಕೊಂಡರು. ಇಲಿ ಇರುವ ಆರು ದ್ವೀಪ, ಇಲಿ ಇಲ್ಲದ ಆರು ದ್ವೀಪ ಆರಿಸಿಕೊಂಡು ಹಕ್ಕಿಗಳನ್ನು ಎಣಿಸಿದರು. ಇಲಿ ಇಲ್ಲದ ದ್ವೀಪಗಳಲ್ಲಿ ಹಕ್ಕಿಗಳ ಸಾಂದ್ರತೆ 760 ಪಟ್ಟು ಹೆಚ್ಚು. ದಯವಿಟ್ಟು ಗಮನಿಸಿ, ಏಳು ಪಟ್ಟಲ್ಲ, ಎಪ್ಪತ್ತು ಪಟ್ಟಲ್ಲ, 760 ಪಟ್ಟು. ಕೆಂಪು ಕಾಲಿನ ಬೂಬಿ, ರೀವ, ನಾಡ್ಡಿ ಮುಂತಾದ ಈ ಹಕ್ಕಿಗಳು ದೂರದ ಆಳ ಕಡಲಿಗೆ ಹಾರಿಹೋಗಿ ಮೀನು ತಿಂದು ಬಂದು ದ್ವೀಪದ ಮೇಲೆ ಹಿಕ್ಕೆ ಹಾಕುತ್ತವೆ. ಆ ಹಿಕ್ಕೆಯಲ್ಲಿ ಸಾರಜನಕ ಇದೆ, ರಂಜಕ ಇದೆ. ತೋಟಕ್ಕೆ ಹಟ್ಟಿಗೊಬ್ಬರ ಹೇಗೋ ಹವಳದ ಕಡಲಿಗೆ ಹಕ್ಕಿಯ ಹಿಕ್ಕೆ ಹಾಗೆ. ಇಲಿ ಇಲ್ಲದ ದ್ವೀಪಗಳ ನೆಲಕ್ಕೆ ಹೀಗೆ ಬೀಳುವ ಸಾರಜನಕ 251 ಪಟ್ಟು ಹೆಚ್ಚೆಂದು ಅವರು ಲೆಕ್ಕ ಹಾಕಿದರು.

ಇಲ್ಲಿಂದ ಮುಂದಿನದು ನನಗೆ ಅತ್ಯಂತ ಪ್ರಿಯವಾದ ಭಾಗ. ನೆಲದ ಮೇಲೆ ಬಿದ್ದ ಗೊಬ್ಬರ ಕಡಲಿಗೆ ಇಳಿಯಿತೆಂದು ಗೊತ್ತಾಗುವುದು ಹೇಗೆ? ಆಳ ಕಡಲಿನ ಮೀನು ತಿಂದ ಹಕ್ಕಿಯ ಹಿಕ್ಕೆಯ ಸಾರಜನಕದಲ್ಲಿ ಭಾರವಾದ ಪರಮಾಣುಗಳ ಪಾಲು ಹೆಚ್ಚಾಗಿರುತ್ತದೆ. ಅದು ಹೋದಲ್ಲೆಲ್ಲ ಗುರುತು ಬಿಡುತ್ತದೆ. ಆ ಗುರುತನ್ನು ಅವರು ಮೊದಲು ಮಣ್ಣಿನಲ್ಲಿ ನೋಡಿದರು, ಆಮೇಲೆ ಗಿಡದ ಎಳೆಯ ಎಲೆಯಲ್ಲಿ ನೋಡಿದರು, ಆಮೇಲೆ ದಡದಾಚೆಯ ಸ್ಪಂಜಿನಲ್ಲಿ, ಪಾಚಿಯಲ್ಲಿ, ಕೊನೆಗೆ ಒಂದು ಪುಟ್ಟ ಮೀನಿನ ಮಾಂಸದಲ್ಲಿ ಕಂಡರು. ಡ್ಯಾಮ್ಸೆಲ್ ಎಂಬ ಈ ಮೀನು ಹವಳದ ಮೇಲೆ ತನ್ನದೇ ಒಂದು ಪಾಚಿಯ ತುಂಡುಭೂಮಿಯನ್ನು ಕಾಯ್ದುಕೊಂಡು ಬದುಕುತ್ತದೆ. ತನಗಿಂತ ದೊಡ್ಡ ಮೀನು ಬಂದರೂ ಅಟ್ಟಿಬಿಡುತ್ತದೆ. ಕಲ್ಲೂರು ಮೀನನ್ನು ಕೊಯ್ಯುವಾಗ ತಲೆಯೊಳಗೆ ಬಿಳಿಯ ಕಲ್ಲು ಸಿಗುವುದನ್ನು ನಮ್ಮ ಮೀನುಗಾರ ಮಹಿಳೆಯರು ಬಲ್ಲರು. ಅಂಥದೇ ಸಣ್ಣ ಕಲ್ಲು ಈ ಮೀನಿನ ಕಿವಿಯೊಳಗೂ ಇದೆ, ಅದರಲ್ಲಿ ವರ್ಷಕ್ಕೊಂದು ಪದರ ಕೂಡುತ್ತದೆ. ಆ ಪದರಗಳನ್ನು ಸೂಕ್ಷ್ಮದರ್ಶಕದಡಿ ಎಣಿಸಿ, ಮೀನಿನ ಉದ್ದದೊಂದಿಗೆ ಹೋಲಿಸಿದಾಗ, ಹಕ್ಕಿ ಇರುವ ದ್ವೀಪದ ಬಳಿಯ ಮೀನು ಬೇಗ ಬೆಳೆದದ್ದು ಸ್ಪಷ್ಟವಾಯಿತು. ಅಷ್ಟೇ ಅಲ್ಲ, ಅಲ್ಲಿ ಎಲ್ಲ ಮೀನುಗಳ ಒಟ್ಟು ತೂಕ ಶೇ. 48ರಷ್ಟು ಹೆಚ್ಚಿತ್ತು. ಹವಳದ ಮೇಲಿನ ಪಾಚಿಯನ್ನು ಮೇಯ್ದು ಎಳೆಯ ಹವಳಕ್ಕೆ ಜಾಗ ತೆರವು ಮಾಡುವ ಗಿಳಿಮೀನುಗಳ ಕೆಲಸವೂ ಮೂರು ಪಟ್ಟಿಗಿಂತ ಹೆಚ್ಚು ನಡೆಯುತ್ತಿತ್ತು. ಈ ಅಧ್ಯಯನ 2018ರ ಜುಲೈಯಲ್ಲಿ ಪ್ರಕಟವಾಯಿತು.

ಇಷ್ಟಾದ ಮೇಲೂ ಸಂರಕ್ಷಣೆಯ ಸಭೆಗಳಲ್ಲಿ ಇಲಿಯ ಮಾತನ್ನು ಎತ್ತಿದರೆ ಅದು ವಿಷಯಾಂತರವೆಂದು ಭಾವಿಸುವವರಿದ್ದಾರೆ. ವಿಷಯಾಂತರವಲ್ಲ, ಅದೇ ವಿಷಯ. ಇಲಿ ಇದ್ದರೆ ಹಕ್ಕಿ ಇಲ್ಲ. ಹಕ್ಕಿ ಇಲ್ಲದಿದ್ದರೆ ಗೊಬ್ಬರವಿಲ್ಲ. ಗೊಬ್ಬರವಿಲ್ಲದಿದ್ದರೆ ಮೀನು ಸೊರಗುತ್ತದೆ, ಹವಳ ನಿಧಾನವಾಗುತ್ತದೆ. ಕಡಲು ಬಿಸಿಯೇರುತ್ತಿರುವಾಗ ಈ ನಿಧಾನ ಮಾರಕ. 1998ರಲ್ಲಿ ನೀರು ಕಾದು ಚಾಗೋಸಿನ ಹೆಚ್ಚಿನ ಹವಳ ಬಿಳಿಚಿ ಸತ್ತಿತು. ಮಾಲಿನ್ಯ, ಮೀನುಗಾರಿಕೆಗಳ ಒತ್ತಡವಿಲ್ಲದ ಕಾರಣ ಹತ್ತು ಹನ್ನೆರಡು ವರ್ಷಗಳಲ್ಲಿ ಬಹುಮಟ್ಟಿಗೆ ಚೇತರಿಸಿಕೊಂಡಿತು. 2015 ಮತ್ತು 2016ರಲ್ಲಿ ಮತ್ತೆ ಅದೇ ಹೊಡೆತ ಬಿತ್ತು. ಎರಡು ಹೊಡೆತಗಳ ನಡುವಿನ ಬಿಡುವು ಕಿರಿದಾಗುತ್ತಿರುವಾಗ, ಬೇಗ ಬೆಳೆಯುವ ಹವಳಕ್ಕೆ ಮಾತ್ರ ಉಳಿಯುವ ಅವಕಾಶವಿದೆ. ಹಕ್ಕಿಗಳಿರುವ ದ್ವೀಪದ ಬಳಿ ಕವಲು ಹವಳ ಎರಡರಷ್ಟು ವೇಗದಲ್ಲಿ ಬೆಳೆಯುತ್ತದೆಂದು 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ತೋರಿಸಿದೆ.

ಇಲಿಯನ್ನು ತೆಗೆಯುವುದು ಸಾಧ್ಯವೇ ಎಂದರೆ, ಸಾಧ್ಯ. 2014ರಲ್ಲಿ ಪೆರೊಸ್ ಬನ್ಯೋಸ್ ಅಟಾಲ್‌ನ ವಾಶ್ ಮರೀನ್ ಎಂಬ ಪುಟ್ಟ ದ್ವೀಪದಲ್ಲಿ ವಿಷದ ತಿನಿಸು ಹಾಕಿ ಇಲಿಗಳನ್ನು ಪೂರ್ತಿ ನಿರ್ಮೂಲ ಮಾಡಲಾಯಿತು. ಉಷ್ಣವಲಯದ ದ್ವೀಪಗಳಲ್ಲಿ ಇದು ಸುಲಭವಲ್ಲ, ಏಕೆಂದರೆ ಹಾಕಿದ ತಿನಿಸನ್ನು ಇಲಿಗಿಂತ ಮೊದಲು ಏಡಿಗಳೇ ಮುಗಿಸಿಬಿಡುತ್ತವೆ. ಏಡಿಗೆ ಆ ವಿಷ ತಟ್ಟದು, ಇಲಿಗೆ ಮಾತ್ರ ತಿನಿಸು ಉಳಿಯದು. ಒಂದು ಬಸುರಿ ಇಲಿ ತಪ್ಪಿಸಿಕೊಂಡರೂ ಮಾಡಿದ ಕೆಲಸ ವ್ಯರ್ಥ. ಹೀಗಾಗಿ ಈ ಕೆಲಸಕ್ಕೆ ದ್ವೀಪದಲ್ಲೇ ಇದ್ದು ಕಾವಲು ಕಾಯುವ ಜನ ಬೇಕು. ಚಾಗೋಸಿನ ವಿವಾದವನ್ನು ನಾನು ಹೇಳಲೇಬೇಕಾಗಿರುವುದು ಈ ಕಾರಣಕ್ಕೆ.

1965ರಲ್ಲಿ, ಮಾರಿಷಸ್ ಸ್ವತಂತ್ರವಾಗುವ ಮೂರು ವರ್ಷಗಳ ಮುಂಚೆ, ಬ್ರಿಟನ್ ಈ ದ್ವೀಪಗಳನ್ನು ಅದರಿಂದ ಬೇರ್ಪಡಿಸಿತು. ಡಿಯಾಗೊ ಗಾರ್ಸಿಯಾದಲ್ಲಿ ಅಮೆರಿಕದ ಸೇನಾನೆಲೆಗೆ ಜಾಗ ಮಾಡಿಕೊಡಲು, 1968ರಿಂದ 1973ರೊಳಗೆ ಎಲ್ಲ ನಿವಾಸಿಗಳನ್ನೂ ಹೊರಹಾಕಲಾಯಿತು. 2010ರಲ್ಲಿ ಬ್ರಿಟನ್ ಸುಮಾರು 6,40,000 ಚದರ ಕಿಲೋಮೀಟರ್ ಕಡಲನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿದಾಗ ಆ ಜನರ ಒಪ್ಪಿಗೆಯನ್ನು ಪಡೆಯಲಿಲ್ಲ. ಮಾರಿಷಸ್‌ನ ಹಕ್ಕುಗಳನ್ನು ಕಡೆಗಣಿಸಿದ ಆ ಘೋಷಣೆ ಕಾನೂನಿಗೆ ವಿರುದ್ಧವೆಂದು 2015ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ತೀರ್ಪು ನೀಡಿತು. 2019ರ ಫೆಬ್ರುವರಿಯಲ್ಲಿ, ಬ್ರಿಟನ್ ತನ್ನ ಆಡಳಿತವನ್ನು ಆದಷ್ಟು ಬೇಗ ಕೊನೆಗೊಳಿಸಬೇಕೆಂದು ಅಂತರರಾಷ್ಟ್ರೀಯ ನ್ಯಾಯಾಲಯ ಅಭಿಪ್ರಾಯಪಟ್ಟಿತು. 2025ರ ಮೇ 22ರಂದು ಎರಡೂ ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು: ಸಾರ್ವಭೌಮತ್ವ ಮಾರಿಷಸ್‌ಗೆ, ಡಿಯಾಗೊ ಗಾರ್ಸಿಯಾ 99 ವರ್ಷ ಬ್ರಿಟನ್ನಿನ ವಶಕ್ಕೆ, ಉಳಿದ ದ್ವೀಪಗಳಲ್ಲಿ ಜನರನ್ನು ಮತ್ತೆ ನೆಲೆಗೊಳಿಸಲು ಮಾರಿಷಸ್‌ಗೆ ಅವಕಾಶ.

ಜನ ಹಿಂದಿರುಗಿದರೆ ಕಡಲು ಕೆಟ್ಟೀತು ಎಂಬ ಆತಂಕ ಕೆಲವರಲ್ಲಿದೆ. ನನಗೆ ಹಾಗನ್ನಿಸುವುದಿಲ್ಲ. ಗಸ್ತು ಹಡಗು ಮೀನುಕಳ್ಳರನ್ನು ಹಿಡಿಯಬಲ್ಲದು, ಇಲಿಯನ್ನು ಹಿಡಿಯಲಾರದು. ಹಡಗಿನಿಂದ ಇಳಿಯುವ ಪ್ರತಿ ಮೂಟೆಯನ್ನೂ ತಡಕಿ ನೋಡುವುದು, ಪಾಳುಬಿದ್ದ ತೆಂಗಿನ ತೋಟವನ್ನು ತೆರವುಗೊಳಿಸಿ ಬೂಬಿಗಳು ಗೂಡು ಕಟ್ಟುವ ನಾಡಮರಗಳನ್ನು ಬೆಳೆಸುವುದು, ಇವೆಲ್ಲ ನೆಲದ ಮೇಲೆ ನಿಂತು ಮಾಡುವ ಕೆಲಸಗಳು. ಈ ಕೆಲಸಕ್ಕೆ ಚಾಗೋಸಿನವರನ್ನೇ ಸಂಬಳ ಕೊಟ್ಟು ನೇಮಿಸಬೇಕು. ಮಾರಿಷಸ್‌ಗೆ ಇದು ಹೊಸ ವಿದ್ಯೆಯೂ ಅಲ್ಲ. ಅದರ ಉತ್ತರದಲ್ಲಿರುವ ರೌಂಡ್ ದ್ವೀಪದಿಂದ 1979ರ ಹೊತ್ತಿಗೆ ಆಡುಗಳನ್ನೂ 1986ರಲ್ಲಿ ಮೊಲಗಳನ್ನೂ ತೆಗೆಯಲಾಯಿತು. ಅವು ಮೇಯ್ದು ಬೋಳಾಗಿಸಿದ್ದ ಆ ದ್ವೀಪದಲ್ಲಿ ಅಲ್ಲಿನದೇ ಗಿಡಮರಗಳು ಮತ್ತೆ ಚಿಗುರಿವೆ. ಅದೇ ಕೆಲಸ ಚಾಗೋಸಿನಲ್ಲಿ ಪೆರೊಸ್ ಬನ್ಯೋಸ್‌ನ ಇಲಿ ತುಂಬಿದ ದ್ವೀಪಗಳಿಂದ ಮೊದಲಾಗಲಿ ಎಂಬುದು ನನ್ನ ಆಗ್ರಹ. ನಮಸ್ಕಾರ.