ಹಳದಿಗಣ್ಣಿನ ಮೀನನ್ನು ನೀರಿಗೆ ಬಿಟ್ಟರೆ ಸಾಲದು

ತೆರೆಯ ಮೇಲೆ ಕಾಣುತ್ತಿರುವ ಈ ಕಿತ್ತಳೆಗೆಂಪು ಮೀನು ಯೆಲ್ಲೋಐ ರಾಕ್‌ಫಿಶ್. ಅಮೆರಿಕದ ಪಶ್ಚಿಮ ಕರಾವಳಿಯ ಆರೆಗಾನ್ ರಾಜ್ಯದ ನ್ಯೂಪೋರ್ಟ್ ಬಂದರಿನಿಂದ ನಾವು ಹೊರಟದ್ದು ಲಿಂಗ್‌ಕಾಡ್ ಎಂಬ ಬೇರೊಂದು ಮೀನು ಹಿಡಿಯಲು, ಗಾಳ ಕಚ್ಚಿದ್ದು ಇದು. ಕೈಯಲ್ಲಿ ಎತ್ತಿ ಹಿಡಿದ ಫೋಟೋ ಎಲ್ಲಿ ಎಂದು ಕೇಳಬೇಡಿ, ತೆಗೆದಿಲ್ಲ. ಯಾಕೆಂದರೆ ಇದನ್ನು ಇಟ್ಟುಕೊಳ್ಳುವಂತಿಲ್ಲ. ವಾಷಿಂಗ್ಟನ್, ಆರೆಗಾನ್, ಕ್ಯಾಲಿಫೋರ್ನಿಯಾ ಮೂರೂ ರಾಜ್ಯಗಳಲ್ಲಿ ಹವ್ಯಾಸಕ್ಕೆ ಗಾಳ ಹಾಕುವವರಿಗೆ ಇದು ನಿಷಿದ್ಧ.

ಹಾಗಾದರೆ ಕೊಕ್ಕೆ ಬಿಡಿಸಿ ಎಸೆದರಾಯಿತಲ್ಲ ಎನ್ನಬಹುದು. ಅಲ್ಲಿಯೇ ತೊಡಕು. ಎಪ್ಪತ್ತು ಮೀಟರ್ ಆಳದಲ್ಲಿ ನೀರಿನ ಒತ್ತಡ ಮೇಲಿನದಕ್ಕಿಂತ ಸುಮಾರು ಎಂಟು ಪಟ್ಟು. ಈ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲದಲ್ಲಿರುವ ಗಾಳಿಗೆ ಹೊರಗೆ ಹೋಗುವ ದಾರಿಯಿಲ್ಲ. ಸರಸರನೆ ಮೇಲೆಳೆದಾಗ ಗಾಳಿ ಹಿಗ್ಗುತ್ತದೆ, ಕಣ್ಣು ಹೊರಚಾಚುತ್ತದೆ, ಜಠರ ಮಗುಚಿ ಬಾಯಿಯಿಂದ ಹೊರಬರುತ್ತದೆ. ಅದನ್ನೇ ಗಾಳಿಚೀಲವೆಂದು ತಿಳಿದು ಸೂಜಿಯಿಂದ ಚುಚ್ಚುವ ಪುಣ್ಯಾತ್ಮರೂ ಇದ್ದಾರೆ. ದಯವಿಟ್ಟು ಚುಚ್ಚಬೇಡಿ. ಇನ್ನು ಹಾಗೇ ಎಸೆದರೆ ಮೀನು ಮುಳುಗಲಾರದೆ ತೇಲುತ್ತದೆ, ಕಡಲಹಕ್ಕಿಗಳಿಗೆ ಊಟವಾಗುತ್ತದೆ. ಕಾನೂನು ಪಾಲಿಸಿದ ತೃಪ್ತಿ ನಮಗೆ, ಸಾವು ಅದಕ್ಕೆ.

ಈಗ ಬರುವ ದೃಶ್ಯ ನನಗೆ ಬಹಳ ಇಷ್ಟ. ಮೀನಿನ ಕೆಳದುಟಿಗೆ ಒಂದು ಚಿಮಟ, ಅದರ ಕೆಳಗೆ ಸೀಸದ ತೂಕ. ಇಳಿಸುತ್ತಾ ಹೋದಂತೆ ಒತ್ತಡ ಹೆಚ್ಚಿ, ನಿಗದಿ ಮಾಡಿದ ಆಳದಲ್ಲಿ ಚಿಮಟ ತಾನಾಗಿ ಬಾಯಿ ಬಿಡುತ್ತದೆ. ಅಷ್ಟರಲ್ಲಿ ಗಾಳಿ ಕುಗ್ಗಿರುತ್ತದೆ, ಮೀನು ಈಜಿಕೊಂಡು ಹೋಗುತ್ತದೆ. ಇದನ್ನು ಕೊಳ್ಳಲಾಗದವರು ಹಾಲಿನ ಪ್ಲಾಸ್ಟಿಕ್ ಕ್ರೇಟನ್ನು ತಲೆಕೆಳಗು ಮಾಡಿ, ತೂಕ ಕಟ್ಟಿ ಇಳಿಸುವುದೂ ಉಂಟು. ಅಲಾಸ್ಕದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ನಡೆದ ಅಧ್ಯಯನವೊಂದರ ಪ್ರಕಾರ ಹೀಗೆ ಆಳಕ್ಕೆ ಇಳಿಸಿದ ಯೆಲ್ಲೋಐಗಳಲ್ಲಿ ಬದುಕುಳಿಯುವ ಪ್ರಮಾಣ ಶೇಕಡಾ 98ಕ್ಕೂ ಹೆಚ್ಚು; ಮೇಲೆಯೇ ಬಿಟ್ಟವುಗಳಲ್ಲಿ ಸುಮಾರು ಶೇಕಡಾ 22 ಮಾತ್ರ. ಆರೆಗಾನ್ 2017ರಿಂದ ಈ ಸಾಧನವನ್ನು ದೋಣಿಯಲ್ಲಿ ಇಟ್ಟುಕೊಳ್ಳುವುದನ್ನು ಕಡ್ಡಾಯ ಮಾಡಿದೆ. 30 ಫ್ಯಾದಮ್, ಎಂದರೆ ಸುಮಾರು 55 ಮೀಟರ್ ಆಳದ ಗೆರೆಯ ಆಚೆ ಯಾವ ರಾಕ್‌ಫಿಶ್ ಬಿಡುವುದಿದ್ದರೂ ಬಳಸಲೇಬೇಕು. ಅಲಾಸ್ಕ ತನ್ನ ಕಡಲಿನಲ್ಲೆಲ್ಲ 2020ರಲ್ಲಿ ಇಂಥದೇ ನಿಯಮ ತಂದಿತು. ಮೀನಿನ ದೇಹವನ್ನು ಅರಿತು ಬರೆದ ಕಾನೂನು ಎಂದರೆ ಇದೇ ಎಂದು ನನಗನ್ನಿಸುತ್ತದೆ. ಬರಿಯ ನಿಷೇಧದಿಂದ ಇಷ್ಟು ಆಗುತ್ತಿರಲಿಲ್ಲ.

ಇಷ್ಟೆಲ್ಲ ಜಾಗ್ರತೆ ಯಾಕೆ? ಇದು ನೂರು ವರ್ಷ ದಾಟಿ ಬದುಕಬಲ್ಲ ಮೀನು. ಮರಿ ಹಾಕುವ ವಯಸ್ಸಿಗೆ ಬರಲು ಹದಿನೈದು, ಇಪ್ಪತ್ತು ವರ್ಷ ಬೇಕು. ಮೊಟ್ಟೆಯಿಡದೆ ಲಕ್ಷಗಟ್ಟಲೆ ಮರಿಗಳನ್ನೇ ಹಾಕುತ್ತದೆ, ಆದರೆ ಬಹುಪಾಲು ಉಳಿಯುವುದಿಲ್ಲ. 2002ರಲ್ಲಿ ಇದನ್ನು ಅತಿಯಾಗಿ ಹಿಡಿಯಲ್ಪಟ್ಟ ಮೀನೆಂದು ಘೋಷಿಸಿದರು; ಚೇತರಿಕೆಗೆ 2074ರ ತನಕ ಕಾಯಬೇಕಾದೀತು ಎಂಬ ಲೆಕ್ಕ ಮುಂದೊಮ್ಮೆ ಇತ್ತು. 2017ರ ಅಂದಾಜಿನ ನಂತರ ಗುರಿ 2029ಕ್ಕೆ ಬಂತು.

ಒಂದು ಎಚ್ಚರಿಕೆ. ಕೆನರಿ ಮತ್ತು ವರ್ಮಿಲಿಯನ್ ರಾಕ್‌ಫಿಶ್‌ಗಳೂ ಕೆಂಪು ಕಿತ್ತಳೆ ಬಣ್ಣದವೇ, ಗಡಿಬಿಡಿಯಲ್ಲಿ ಗೊಂದಲವಾಗುತ್ತದೆ. ಎಳೆಯ ಯೆಲ್ಲೋಐಯ ಪಕ್ಕೆಯಲ್ಲಿ ಬಿಳಿ ಪಟ್ಟೆ ಬೇರೆ ಇರುತ್ತದೆ, ಅದನ್ನು ಬೇರೆ ಜಾತಿಯೆಂದೇ ತಿಳಿಯುವವರಿದ್ದಾರೆ. ಕಣ್ಣು ನೋಡಿ, ಕಣ್ಣಿನ ಮೇಲಿನ ಒರಟು ಏಣುಗಳನ್ನು ನೋಡಿ. ಅನುಮಾನವಿದ್ದರೆ ಚಿಮಟಕ್ಕೆ ಹಾಕಿ ಕೆಳಗಿಳಿಸಿ. ಮಿತಿಗಳು ಋತುವಿನ ನಡುವೆಯೇ ಬದಲಾಗುವುದುಂಟು; ದೋಣಿ ಹತ್ತುವ ಮುನ್ನ ಆಯಾ ರಾಜ್ಯದ ಮೀನುಗಾರಿಕೆ ಇಲಾಖೆಯ ಆ ವಾರದ ಪ್ರಕಟಣೆ ಓದಿಕೊಳ್ಳಿ. ಈಗ ಲಿಂಗ್‌ಕಾಡ್ ಬಿದ್ದಿತೇ ಇಲ್ಲವೇ ನೋಡೋಣ.