ಮೈದಾನದಲ್ಲಿ ನಿಂತವರಿಗೆ ಕಾಣದ ಶೋ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಹಲವರ ಮಕ್ಕಳು ಮುಂದಿನ ವರ್ಷ ಹೈಸ್ಕೂಲಿಗೆ ಕಾಲಿಡುತ್ತಾರೆ. ಮಿಡ್ಲ್ ಸ್ಕೂಲಿನಲ್ಲಿ ಕ್ಲಾರಿನೆಟ್ಟೋ ಟ್ರಂಪೆಟ್ಟೋ ಕಲಿತಿದ್ದಾರೆ. ಈಗ ಬ್ಯಾಂಡ್ ಡೈರೆಕ್ಟರಿಂದ ಒಂದು ಫಾರಂ ಬಂದಿದೆ, ಮೈದಾನದಲ್ಲಿ ನಡೆಯುತ್ತಾ ನುಡಿಸುವ ಮಾರ್ಚಿಂಗ್ ಬ್ಯಾಂಡಿಗೆ ಸೇರುತ್ತೀರಾ ಅಂತ. ನಮ್ಮ ಮನೆಗಳಲ್ಲಿ ಆಗ ಏಳುವ ಮೊದಲ ಪ್ರಶ್ನೆ, ಓದಿನ ಗತಿ ಏನು? ಅದಕ್ಕೂ ಬರುತ್ತೇನೆ. ಅದಕ್ಕೆ ಮೊದಲು ಆ ಮೈದಾನದಲ್ಲಿ ನಿಜವಾಗಿ ಏನು ನಡೆಯುತ್ತೆ ಅಂತ ಹೇಳಬೇಕು. ಟೆಕ್ಸಸ್‌ನ ಒಂದು ಪಬ್ಲಿಕ್ ಹೈಸ್ಕೂಲಿನಲ್ಲಿ ನಾಲ್ಕು ವರ್ಷವೂ ಮೆಲ್ಲೋಫೋನ್ ಹಿಡಿದು ನಡೆದವಳು ನಾನು. ಈಗಲೂ ಅಕ್ಟೋಬರ್ ಬಂತೆಂದರೆ ಶನಿವಾರ ಯಾವುದಾದರೂ ಸ್ಪರ್ಧೆಯ ಗ್ಯಾಲರಿಯಲ್ಲಿ ಕೂತಿರುತ್ತೇನೆ.

ಮೆಲ್ಲೋಫೋನ್ ಅಂದರೆ ಹಲವರಿಗೆ ಗೊತ್ತಿರಲಿಕ್ಕಿಲ್ಲ. ಬ್ಯಾಂಡ್ ರೂಮಿನ ಒಳಗೆ ನಾವು ನುಡಿಸುವುದು ಫ್ರೆಂಚ್ ಹಾರ್ನ್. ಅದರ ಬಾಯಿ ಹಿಂದಕ್ಕೆ ತಿರುಗಿರುತ್ತೆ. ಹಾಲ್ ಒಳಗೆ ಹಿಂದಿನ ಗೋಡೆಗೆ ಬಡಿದು ನಾದ ಮುಂದಕ್ಕೆ ಬರುತ್ತೆ. ಬಯಲಿನಲ್ಲಿ ಗೋಡೆ ಎಲ್ಲಿದೆ? ಅದಕ್ಕೇ ಬಾಯಿ ಮುಂದಕ್ಕಿರುವ ಮೆಲ್ಲೋಫೋನ್ ಕೈಗೆ ಬರುತ್ತೆ. ಕೂತು ನುಡಿಸುವ ಟ್ಯೂಬಾದ ಜಾಗಕ್ಕೆ ಮೈಗೆ ಸುತ್ತಿಕೊಳ್ಳುವ ಸೂಸಾಫೋನ್ ಬರುತ್ತೆ. ಡ್ರಮ್‌ಲೈನಿನಲ್ಲಿ ಸಾಮಾನ್ಯವಾಗಿ ಐವರು ಐದು ಗಾತ್ರದ ಬಾಸ್ ಡ್ರಮ್ ಹೊತ್ತಿರುತ್ತಾರೆ. ಒಂದೇ ಸಾಲಿನ ಪೆಟ್ಟುಗಳನ್ನು ಐವರೂ ಹಂಚಿಕೊಂಡು ಬಾರಿಸುತ್ತಾರೆ. ಒಬ್ಬರು ಒಂದು ಪೆಟ್ಟು ಬಿಟ್ಟರೂ ಸಾಲು ಕುಂಟುತ್ತೆ. ಹೊತ್ತು ನಡೆಯಲಾಗದ ಮರಿಂಬಾ, ವೈಬ್ರಫೋನ್‌ಗಳು ಮುಂದೆ ಒಂದೇ ಕಡೆ ನಿಲ್ಲುತ್ತವೆ, ಅದನ್ನು ಪಿಟ್ ಅನ್ನುತ್ತಾರೆ. ಬಾವುಟ, ಮರದ ರೈಫಲ್, ಕತ್ತಿ ಗಾಳಿಗೆಸೆದು ಹಿಡಿಯುವವರು ಕಲರ್ ಗಾರ್ಡ್. ಇವರೆಲ್ಲ ಒಂದೇ ತಂಡ.

ಈಗ ಮೈದಾನ. ಅಮೆರಿಕನ್ ಫುಟ್‌ಬಾಲ್ ಮೈದಾನ 100 ಗಜ ಉದ್ದ. ಐದೈದು ಗಜಕ್ಕೆ ಒಂದು ಬಿಳಿ ಗೆರೆ. ಒಂದು ಗೆರೆಯಿಂದ ಇನ್ನೊಂದಕ್ಕೆ ಎಂಟು ಹೆಜ್ಜೆ, ಅಂದರೆ ಒಂದು ಹೆಜ್ಜೆಗೆ 22.5 ಇಂಚು. ಆರಡಿ ಹುಡುಗನಿಗೂ ಅಷ್ಟೇ, ಐದಡಿ ದಾಟದ ಹುಡುಗಿಗೂ ಅಷ್ಟೇ. ಬೇಸಿಗೆಯ ಬ್ಯಾಂಡ್ ಕ್ಯಾಂಪಿನಲ್ಲಿ ಮೊದಲು ಕಲಿಸುವುದು ಸಂಗೀತವನ್ನಲ್ಲ, ಈ ಹೆಜ್ಜೆಯನ್ನು. ಮುಂದೆ ನಡೆಯುವಾಗ ಹಿಮ್ಮಡಿ ಮೊದಲು ಊರಿ ಪಾದ ಉರುಳಿಸಬೇಕು. ಹಿಂದಕ್ಕೆ ನಡೆಯುವಾಗ ಮುಂಗಾಲಿನ ಮೇಲೇ ನಡೆಯಬೇಕು. ಪಕ್ಕಕ್ಕೆ ಹೋಗುವಾಗ ಕಾಲು ಆ ಕಡೆ, ಎದೆ ಮಾತ್ರ ಪ್ರೇಕ್ಷಕರ ಕಡೆ. ಸೊಂಟದಲ್ಲಿ ಮೈ ತಿರುಚಿಕೊಂಡು, ಉಸಿರು ಹಿಡಿದು, ತುಟಿ ಅಲುಗದ ಹಾಗೆ ನುಡಿಸಬೇಕು. ಹೆಜ್ಜೆಯ ಅದುರು ತುಟಿಗೆ ಬಂದರೆ ಸ್ವರವೂ ಅದುರುತ್ತೆ. ಟೆಕ್ಸಸ್‌ನಲ್ಲಿ ಆಗಸ್ಟ್ 1ಕ್ಕೆ ಮುಂಚೆ ಮಾರ್ಚಿಂಗ್ ಅಭ್ಯಾಸ ಶುರು ಮಾಡುವ ಹಾಗಿಲ್ಲ ಅಂತ ನಿಯಮವಿದೆ. ಅಂದರೆ ಶುರುವಾಗುವುದೇ ಸುಡು ಬಿಸಿಲಿನಲ್ಲಿ. ನೀರಿನ ದೊಡ್ಡ ಕ್ಯಾನ್, ಟೋಪಿ, ಸನ್‌ಸ್ಕ್ರೀನ್ ಇಲ್ಲದೆ ಮಕ್ಕಳನ್ನು ಕಳಿಸಬೇಡಿ. ಇದನ್ನು ಸುಮ್ನೆ ಹೇಳುತ್ತಿಲ್ಲ, ಬಿಸಿಲಿನ ಹೊಡೆತ ಪ್ರಾಣಕ್ಕೇ ಅಪಾಯ.

ಪ್ರತಿಯೊಬ್ಬರಿಗೂ ಒಂದು ಡಾಟ್, ಅಂದರೆ ನಿಲ್ಲಬೇಕಾದ ಜಾಗ, ಇರುತ್ತೆ. ನಲವತ್ತು ಗಜದ ಗೆರೆಯಿಂದ ಎರಡು ಹೆಜ್ಜೆ ಆಚೆ, ಮುಂದಿನ ಹ್ಯಾಶ್‌ನಿಂದ, ಅಂದರೆ ಮೈದಾನದ ಒಳಗಿನ ಚಿಕ್ಕ ಗುರುತುಗಳ ಸಾಲಿನಿಂದ, ಆರು ಹೆಜ್ಜೆ ಹಿಂದೆ, ಹೀಗೆ. ಕುತ್ತಿಗೆಗೆ ನೇತುಹಾಕಿಕೊಂಡ ಪುಟ್ಟ ಪುಸ್ತಕದಲ್ಲಿ ಇದನ್ನೆಲ್ಲ ಬರೆದುಕೊಂಡಿರುತ್ತಾರೆ. ಒಂದು ಶೋನಲ್ಲಿ ಇಂಥ ಹತ್ತಾರು ಡಾಟ್‌ಗಳು, ಒಂದರಿಂದ ಇನ್ನೊಂದಕ್ಕೆ ಇಷ್ಟೇ ಹೆಜ್ಜೆ ಅನ್ನುವ ಲೆಕ್ಕ. ಮೇಲೆ ಕೂತು ನೋಡಿದರೆ ಚುಕ್ಕಿಗಳೇ ಎದ್ದು ನಡೆದು ತಮ್ಮ ರಂಗೋಲಿಯನ್ನು ತಾವೇ ಬಿಡಿಸಿದ ಹಾಗೆ. ವೃತ್ತ ಒಡೆದು ಕರ್ಣರೇಖೆ, ಅದು ಮಡಚಿಕೊಂಡು ಚೌಕ. ಆದರೆ ಒಳಗಿರುವ ಚುಕ್ಕಿಗೆ ಇದು ಯಾವುದೂ ಕಾಣಿಸಲ್ಲ. ಅದಕ್ಕೆ ಕಾಣುವುದು ಅಕ್ಕಪಕ್ಕದವರ ಭುಜ, ಹುಲ್ಲು, ಬಿಳಿ ಗೆರೆ, ದೂರದ ಪೀಠದ ಮೇಲೆ ನಿಂತು ಕೈಯಾಡಿಸಿ ತಾಳ ತೋರಿಸುವ ಡ್ರಮ್ ಮೇಜರ್ ಕೈ. ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದೆಲ್ಲ ಈ ಒಂದು ವಿಷಯದ ಸುತ್ತಲೇ ಇದೆ. ಆ ಶೋ ಮಾಡುವ ಮಕ್ಕಳಿಗೆ ಆ ಶೋ ಕಾಣಲ್ಲ.

ಕಾಣಲ್ಲ ಅಷ್ಟೇ ಅಲ್ಲ, ಸರಿಯಾಗಿ ಕೇಳಿಸುವುದೂ ಇಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನನಗೆ ತುಂಬ ಇಷ್ಟದ ಭಾಗ ಇದು. ಸೆಕೆಂಡಿಗೆ ಶಬ್ದ ಸುಮಾರು 1,100 ಅಡಿ ಹೋಗುತ್ತೆ. ಮೈದಾನದ ಉದ್ದ 300 ಅಡಿ. ಆ ತುದಿಯ ಟ್ರಂಪೆಟ್ ಈ ತುದಿಗೆ ಕೇಳಿಸಲು ಕಾಲು ಸೆಕೆಂಡಿಗಿಂತ ಜಾಸ್ತಿ ಬೇಕು. ಏನು ಮಹಾ ಅನ್ನಿಸಬಹುದು. ನಿಮಿಷಕ್ಕೆ 160 ಬೀಟ್ ವೇಗದ ಸಂಗೀತದಲ್ಲಿ ಒಂದು ಬೀಟ್ ಅರ್ಧ ಸೆಕೆಂಡೂ ಇರಲ್ಲ, 0.375 ಸೆಕೆಂಡ್ ಅಷ್ಟೇ. ಅಂದರೆ ಆ ಟ್ರಂಪೆಟ್ ನನ್ನ ಕಿವಿಗೆ ಬೀಳುವಾಗ ಮುಕ್ಕಾಲು ಬೀಟಿನಷ್ಟು ಹಳೆಯದಾಗಿರುತ್ತೆ. ಅದನ್ನು ಕೇಳಿ ನಾನು ನುಡಿಸಿದರೆ ಕೆಟ್ಟಿತು. ನನ್ನನ್ನು ಕೇಳಿ ಇನ್ನೊಬ್ಬರು ನುಡಿಸಿದರೆ ಇನ್ನೂ ಕೆಟ್ಟಿತು.

ಇದಕ್ಕೆ ಬ್ಯಾಂಡ್‌ಗಳು ಕಂಡುಕೊಂಡ ಉಪಾಯ ಚೆಂದ. ಹಿಂದೆ ನಿಂತವರು ಮುಂದಿನವರನ್ನು ಕೇಳಬಾರದು, ಡ್ರಮ್ ಮೇಜರ್ ಕೈಯನ್ನೇ ನೋಡಬೇಕು. ಮುಂದೆ ನಿಂತವರು ಹಿಂದಿನಿಂದ ಬರುವ ನಾದಕ್ಕೆ ತಮ್ಮದನ್ನು ಸೇರಿಸಬೇಕು. ಸಾಮಾನ್ಯವಾಗಿ ಹಿಂದೆ ನಡುವಿನಲ್ಲಿರುವ ಡ್ರಮ್‌ಲೈನ್ ಇಡೀ ತಂಡದ ನಾಡಿ. ಅವರ ಶಬ್ದ ಮುಂದಕ್ಕೆ ಹರಿಯುತ್ತೆ, ದಾರಿಯಲ್ಲಿ ಒಬ್ಬೊಬ್ಬರೂ ಸೇರಿಕೊಳ್ಳುತ್ತಾರೆ, ಎಲ್ಲ ಒಟ್ಟಿಗೆ ಗ್ಯಾಲರಿ ತಲುಪುತ್ತೆ. ಮೈದಾನದ ಒಳಗೆ ಕೇಳುವಾಗ ಹೊಂದಲಿಲ್ಲ ಅನ್ನಿಸುವುದು ಮೇಲೆ ಕೂತವರಿಗೆ ಹೊಂದಿಕೊಂಡು ಕೇಳುತ್ತೆ. ಹದಿನಾಲ್ಕು ವರ್ಷದ ಮಗುವಿಗೆ ಇದನ್ನು ಒಪ್ಪಿಸುವುದು ಸುಲಭವಲ್ಲ. ನಿನ್ನ ಕಿವಿ ಸರಿಯಾಗಿದೆ, ಆದರೂ ಇಲ್ಲಿ ಅದನ್ನು ನಂಬಬೇಡ, ಆ ಕೈಯನ್ನು ನಂಬು ಅಂತ ಹೇಳಬೇಕು. ಮೊದಲ ಸಲ ಅದು ಕೈಗೂಡಿದ ಸಂಜೆ ನಮ್ಮ ಡೈರೆಕ್ಟರ್ ಮೇಲಿನ ಗ್ಯಾಲರಿಯಿಂದ ಮೈಕಿನಲ್ಲಿ ಒಂದೇ ಮಾತು ಹೇಳಿದರು, ‘ಬಂತು’ ಅಂತ. ನಮಗೆ ಕೆಳಗೆ ಯಾವ ವ್ಯತ್ಯಾಸವೂ ಗೊತ್ತಾಗಿರಲಿಲ್ಲ. ಆದರೂ ಕುಣಿದುಬಿಟ್ಟೆವು.

ಇಲ್ಲಿಂದ ಸ್ಪರ್ಧೆಗೆ ಬರುತ್ತೇನೆ. ಅಮೆರಿಕದ ಫುಟ್‌ಬಾಲ್ ಮೈದಾನದಲ್ಲಿ ಬ್ಯಾಂಡ್ ಆಕಾರಗಳನ್ನು ಕಟ್ಟಲು ಶುರು ಮಾಡಿದ್ದು ಕಾಲೇಜುಗಳಲ್ಲಿ. 1907ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಬ್ಯಾಂಡ್ ಮೈದಾನದ ಮೇಲೆ ‘ಪಿ’ ಅಕ್ಷರ ಕಟ್ಟಿತು. ಹೈಸ್ಕೂಲ್ ಬ್ಯಾಂಡ್‌ಗಳ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆದಿದ್ದು 1923ರಲ್ಲಿ, ಶಿಕಾಗೋದಲ್ಲಿ. ಅದಕ್ಕೆ ಬೆನ್ನು ಕೊಟ್ಟವರು ವಾದ್ಯ ತಯಾರಿಸುವ ಕಂಪನಿಗಳು. ಇವತ್ತು ಸ್ಪರ್ಧೆ ನಡೆಸುವವರಲ್ಲಿ ದೊಡ್ಡ ಹೆಸರು ಬ್ಯಾಂಡ್ಸ್ ಆಫ್ ಅಮೆರಿಕ. ಅದರ ರಾಷ್ಟ್ರೀಯ ಸ್ಪರ್ಧೆ ಗ್ರ್ಯಾಂಡ್ ನ್ಯಾಷನಲ್ಸ್ ನವೆಂಬರಿನಲ್ಲಿ ಇಂಡಿಯಾನಾಪೊಲಿಸ್‌ನ ಲೂಕಸ್ ಆಯಿಲ್ ಸ್ಟೇಡಿಯಂನಲ್ಲಿ ನಡೆಯುತ್ತೆ. ಟೆಕ್ಸಸ್‌ನಲ್ಲಿ ಯುಐಎಲ್ ಅನ್ನುವ ಶಾಲಾ ಸ್ಪರ್ಧೆಗಳ ಸಂಸ್ಥೆ ನಡೆಸುವ ಸ್ಪರ್ಧೆ ಇದೆ. ರಾಜ್ಯಮಟ್ಟದ್ದು ಸ್ಯಾನ್ ಆಂಟೋನಿಯೋದ ಅಲಾಮೋಡೋಮ್‌ನಲ್ಲಿ.

ಎರಡೂ ಒಂದೇ ಥರ ಅಲ್ಲ. ಯುಐಎಲ್‌ನ ಕೆಳಗಿನ ಹಂತದಲ್ಲಿ ಬ್ಯಾಂಡ್‌ಗಳಿಗೆ ಒಂದರಿಂದ ಐದರವರೆಗೆ ದರ್ಜೆ ಕೊಡುತ್ತಾರೆ, ಒಂದನೇ ದರ್ಜೆಯೇ ಎಲ್ಲಕ್ಕಿಂತ ಮೇಲು. ಹತ್ತು ಬ್ಯಾಂಡ್ ಚೆನ್ನಾಗಿ ಮಾಡಿದರೆ ಹತ್ತಕ್ಕೂ ಒಂದನೇ ದರ್ಜೆ ಸಿಗಬಹುದು. ಬ್ಯಾಂಡ್ಸ್ ಆಫ್ ಅಮೆರಿಕದಲ್ಲಿ ಅಂಕ, ಅದರ ಮೇಲೆ ಸ್ಥಾನ. ಗ್ರ್ಯಾಂಡ್ ನ್ಯಾಷನಲ್ಸ್ ಫೈನಲ್ ಮುಗಿದ ಮೇಲೆ ಹನ್ನೆರಡನೇ ಸ್ಥಾನದಿಂದ ಮೇಲಕ್ಕೆ ಹೆಸರು ಕೂಗುತ್ತಾ ಬರುತ್ತಾರೆ. ಎದೆ ಡವಡವ ಅನ್ನುತ್ತೆ, ನಿಜ. ಆದರೆ ಹೊಸದಾಗಿ ಸೇರಿದ ಮಕ್ಕಳಿಗೆ ದರ್ಜೆಯ ಪದ್ಧತಿಯೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಪಕ್ಕದ ಶಾಲೆ ಬೀಳಲಿ ಅಂತ ಹಾರೈಸುವ ಅಗತ್ಯವೇ ಅಲ್ಲಿಲ್ಲ.

ಸ್ಪರ್ಧೆಯ ದಿನ ಹೇಗಿರುತ್ತೆ? ಬೆಳಗ್ಗೆಯೇ ಶಾಲೆಯಲ್ಲಿ ಒಂದು ಸುತ್ತು ಅಭ್ಯಾಸ. ಆಮೇಲೆ ಬಸ್ಸು. ವಾದ್ಯ ತುಂಬಿದ ಟ್ರಕ್ ಮುಂದೆ ಹೋಗಿರುತ್ತೆ. ಇಳಿದ ಮೇಲೆ ಯೂನಿಫಾರ್ಮ್. ಟೋಪಿಗೆ ಸಿಕ್ಕಿಸುವ ಗರಿಯನ್ನು, ಅಂದರೆ ಪ್ಲೂಮನ್ನು, ಕೊನೆಗಳಿಗೆಯವರೆಗೆ ಮಕ್ಕಳ ಕೈಗೆ ಕೊಡಲ್ಲ. ಸ್ಟೇಡಿಯಂ ಬಾಗಿಲ ಬಳಿ ಸಾಲಾಗಿ ನಿಲ್ಲಿಸಿ ಅಪ್ಪ ಅಮ್ಮಂದಿರೇ ಒಂದೊಂದಾಗಿ ಸಿಕ್ಕಿಸುತ್ತಾರೆ. ನನ್ನ ಕಾಲದಲ್ಲಿ ಯಾರದೋ ತಾಯಿ ನನ್ನ ಗಲ್ಲದ ಪಟ್ಟಿ ಸರಿಮಾಡಿ ಬೆನ್ನು ತಟ್ಟುತ್ತಿದ್ದರು. ಅವರ ಹೆಸರು ಗೊತ್ತಿರಲಿಲ್ಲ. ಇನ್ನೊಂದು ಗುಂಪು ಮರಿಂಬಾಗಳನ್ನು ತಳ್ಳಿಕೊಂಡು ಓಡುತ್ತೆ. ಮೈದಾನಕ್ಕೆ ಹೋಗಿ, ಜೋಡಿಸಿ, ಶೋ ಮುಗಿಸಿ, ಎಲ್ಲ ಎತ್ತಿಕೊಂಡು ಹೊರಗೆ ಬರಲು ಇರುವ ಸಮಯ ಗಟ್ಟಿ ಲೆಕ್ಕದ್ದು. ಶೋ ಇರುವುದು ಏಳೆಂಟು ನಿಮಿಷ. ಅನೌನ್ಸರ್ ಕೇಳುತ್ತಾರೆ, ಡ್ರಮ್ ಮೇಜರ್, ನಿಮ್ಮ ಬ್ಯಾಂಡ್ ಸಿದ್ಧವಿದೆಯಾ? ಸಲ್ಯೂಟ್. ಆಮೇಲೆ ತಲೆಯಲ್ಲಿ ಎಣಿಕೆ ಬಿಟ್ಟು ಬೇರೇನೂ ಇರಲ್ಲ.

ನನಗೆ ಸ್ಪರ್ಧೆಯಲ್ಲಿ ಟ್ರೋಫಿಗಿಂತ ದೊಡ್ಡದಾಗಿ ಕಂಡಿದ್ದು ಜಡ್ಜ್‌ಗಳ ಧ್ವನಿ. ಅವರು ಶೋ ನೋಡುತ್ತಲೇ ರೆಕಾರ್ಡರ್‌ನಲ್ಲಿ ಮಾತಾಡುತ್ತಾ ಹೋಗುತ್ತಾರೆ. ಆ ರೆಕಾರ್ಡಿಂಗ್ ಶಾಲೆಗೆ ಸಿಗುತ್ತೆ. ಸೋಮವಾರ ಬ್ಯಾಂಡ್ ರೂಮಿನಲ್ಲಿ ಅದನ್ನು ಹಾಕುತ್ತಾರೆ. ‘ಎಡಗಡೆಯ ಮೆಲ್ಲೋಫೋನ್‌ಗಳು ಕೊನೆಯ ಸ್ವರ ಬೇಗ ಬಿಡುತ್ತಿದ್ದಾರೆ.’ ‘ಈ ವಕ್ರರೇಖೆಯಲ್ಲಿ ಒಬ್ಬರ ಅಂತರ ಕಡಿಮೆಯಾಯಿತು.’ ‘ಓಹ್, ಇದು ಸೊಗಸಾಗಿತ್ತು!’ ಒಳಗಿದ್ದವರಿಗೆ ಕಾಣದ್ದನ್ನು ಕಂಡವರೊಬ್ಬರು ಬಂದು ಹೇಳಿದ್ದಾರೆ. ನಮ್ಮ ಸಾಲು ಸರಿಯಿದೆ ಅಂತ ನಾವು ಎಷ್ಟೇ ವಾದ ಮಾಡಿದರೂ ಮೇಲಿನಿಂದ ಅದು ಸೊಟ್ಟಗೇ ಇದ್ದರೆ ಸೊಟ್ಟಗೇ. ಆ ಮಾತು ಕೇಳಿಸಿಕೊಂಡು, ಯಾರ ತಪ್ಪು ಅಂತ ಹುಡುಕದೆ, ಎಲ್ಲರೂ ಎದ್ದು ಹೊರಗೆ ಹೋಗಿ ಅದೇ ಎಂಟು ಹೆಜ್ಜೆಯನ್ನು ಮತ್ತೆ ಹಾಕುವುದು. ಸ್ಪರ್ಧೆ ಬೇಕು ಅಂತ ನಾನು ಹೇಳುವುದು ಇದಕ್ಕೇ. ಸುಮ್ನೆ ಚಪ್ಪಾಳೆ ಸಿಕ್ಕಿದ್ದರೆ ನಾವು ಅಲ್ಲೇ ನಿಂತುಬಿಡುತ್ತಿದ್ದೆವು.

ಹಾಗಂತ ಎಲ್ಲವೂ ಸರಿಯಿದೆ ಅಂತ ಹೇಳಲಾರೆ. ಈಗ ದೊಡ್ಡ ಬ್ಯಾಂಡ್‌ಗಳ ಶೋ ನೋಡಿದರೆ ಮೈದಾನ ತುಂಬ ವೇದಿಕೆ, ಮೆಟ್ಟಿಲು, ಬಣ್ಣದ ಪರದೆ, ಸ್ಪೀಕರು, ಪ್ರತಿ ವರ್ಷ ಹೊಸ ಬಟ್ಟೆ. ಸಂಗೀತ ಬರೆಸಲು, ಡ್ರಿಲ್, ಅಂದರೆ ನಡಿಗೆಯ ನಕ್ಷೆ, ಬರೆಸಲು ಬೇರೆ ಬೇರೆ ಜನ. ದುಡ್ಡಿರುವ ಊರಿನ ಶಾಲೆಗೂ ಇಲ್ಲದ ಶಾಲೆಗೂ ಅಂತರ ಬೆಳೆಯುತ್ತಿದೆ. ಸ್ಪರ್ಧೆಗಳು ಶಾಲೆಗಳನ್ನು ಮಕ್ಕಳ ಸಂಖ್ಯೆಯ ಮೇಲೆ ವಿಂಗಡಿಸುತ್ತವೆ, ದುಡ್ಡಿನ ಮೇಲಲ್ಲ. ಇದು ನನಗೆ ನೋವಿನ ವಿಷಯ. ಚಿಕ್ಕ ಬ್ಯಾಂಡೊಂದು ಏನೂ ಸಲಕರಣೆ ಇಲ್ಲದೆ, ಬರೀ ಹೆಜ್ಜೆ ಮತ್ತು ಉಸಿರಿನಿಂದ ಒಂದು ಸ್ವರವನ್ನು ನಿಧಾನಕ್ಕೆ ಎತ್ತುವಾಗ ಗ್ಯಾಲರಿ ಎದ್ದು ನಿಂತಿದ್ದನ್ನು ನೋಡಿದ್ದೇನೆ. ಪೋಷಕರ ಬೂಸ್ಟರ್ ಕ್ಲಬ್‌ನಲ್ಲಿರುವವರು ಪರದೆಗೆ ದುಡ್ಡು ಕೂಡಿಸುವ ಮೊದಲು ಫೀಸು ಕಟ್ಟಲಾಗದ ಮಕ್ಕಳಿಗೆ ಕೂಡಿಸಿ.

ಸ್ಪರ್ಧೆ ಇಲ್ಲದ ಪ್ರದರ್ಶನವೂ ಇದೆ. ಶುಕ್ರವಾರ ರಾತ್ರಿಯ ಫುಟ್‌ಬಾಲ್ ಆಟದ ನಡುವಿನ ಹಾಫ್‌ಟೈಮ್ ಅದರಲ್ಲಿ ಒಂದು, ಅಲ್ಲಿ ನೋಡುವವರು ನಮ್ಮದೇ ಊರಿನ ಜನ. ಇನ್ನೊಂದು ಪರೇಡ್. ಪ್ಯಾಸಡೀನಾದ ರೋಸ್ ಪರೇಡ್ ದಾರಿ ಐದೂವರೆ ಮೈಲಿ. ಅಲ್ಲಿ ಆಕಾರ ಇಲ್ಲ, ಸಾಲು ಸಾಲು ಮಾತ್ರ, ಆದರೆ ಜನ ಕೈಗೆಟುಕುವಷ್ಟು ಹತ್ತಿರ. ಪರೇಡ್ ಅಂದಾಗೆಲ್ಲ ನನಗೆ ನ್ಯೂ ಆರ್ಲಿಯನ್ಸ್‌ನ ಸೇಂಟ್ ಆಗಸ್ಟೀನ್ ಹೈಸ್ಕೂಲಿನ ಮಾರ್ಚಿಂಗ್ 100 ನೆನಪಾಗುತ್ತೆ. ಎಡ್ವಿನ್ ಹ್ಯಾಂಪ್ಟನ್ ಕಟ್ಟಿದ ಕಪ್ಪು ಹುಡುಗರ ಬ್ಯಾಂಡ್ ಅದು. 1967ರಲ್ಲಿ ಮಾರ್ಡಿ ಗ್ರಾ ಹಬ್ಬದ ದಿನದ ರೆಕ್ಸ್ ಪರೇಡಿನಲ್ಲಿ ಅವರು ನಡೆದರು. ಆ ಪರೇಡಿನಲ್ಲಿ ನಡೆದ ಮೊದಲ ಕಪ್ಪು ಬ್ಯಾಂಡ್ ಅವರದು. ದಾರಿಯಲ್ಲಿ ಬೈಗುಳ ಬಂತು, ವಸ್ತುಗಳನ್ನೂ ಎಸೆದರು. ಹುಡುಗರು ಸಾಲು ಬಿಡದೆ ನುಡಿಸಿಕೊಂಡು ಹೋದರು. ಯಾವ ಅಂಕಪಟ್ಟಿಗೂ ಅದನ್ನು ಅಳೆಯಲಾಗದು.

ಇನ್ನು ಓದಿನ ಪ್ರಶ್ನೆ. ಟೆಕ್ಸಸ್‌ನಲ್ಲಿ 1984ರ ಕಾನೂನೊಂದಿದೆ, ನೋ ಪಾಸ್ ನೋ ಪ್ಲೇ ಅಂತಲೇ ಅದರ ಹೆಸರು ನಿಂತಿದೆ. ವಿಷಯವೊಂದರಲ್ಲಿ 70ಕ್ಕಿಂತ ಕಡಿಮೆ ಬಂದರೆ ಸ್ಪರ್ಧೆಗೆ ಇಳಿಯುವ ಹಾಗಿಲ್ಲ. ಕೆಲವು ಮೇಲ್ಮಟ್ಟದ ತರಗತಿಗಳಿಗೆ ವಿನಾಯಿತಿ ಉಂಟು. ಶಾಲೆಯ ವಾರದಲ್ಲಿ ತರಗತಿ ಹೊತ್ತಿನ ಹೊರಗೆ ಎಂಟು ಗಂಟೆಗಿಂತ ಜಾಸ್ತಿ ಅಭ್ಯಾಸ ಮಾಡಿಸುವ ಹಾಗಿಲ್ಲ. ಒಬ್ಬರು ಅಂಕ ಕಳೆದುಕೊಂಡರೆ ಆಕಾರದಲ್ಲಿ ಒಂದು ತೂತು ಬೀಳುತ್ತೆ, ಅದು ಮೇಲಿನ ಸಾಲಿನವರೆಗೂ ಕಾಣುತ್ತೆ. ಹಾಗಾಗಿ ಒಂದೊಂದು ವಾದ್ಯದ ಗುಂಪನ್ನು ನೋಡಿಕೊಳ್ಳುವ ಸೆಕ್ಷನ್ ಲೀಡರ್‌ಗಳೇ ಚಿಕ್ಕವರನ್ನು ಕೂರಿಸಿ ಗಣಿತ ಹೇಳಿಕೊಡುವುದನ್ನು ನಾನು ಬಸ್ಸಿನಲ್ಲೇ ನೋಡಿದ್ದೇನೆ. ನಿದ್ದೆ ಕಡಿಮೆಯಾಗುವುದು ನಿಜ. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಬೇರೆ ಕ್ಲಾಸುಗಳನ್ನು ಸ್ವಲ್ಪ ಕಡಿಮೆ ಮಾಡಿ. ಬ್ಯಾಂಡೂ ಇರಲಿ, ಟ್ಯೂಷನ್ನೂ ಇರಲಿ, ಭರತನಾಟ್ಯವೂ ಇರಲಿ ಅಂದರೆ ಮಗು ಸೋಲುತ್ತೆ.

ಕೊನೆಗೆ ಒಂದು ಸಲಹೆ. ಸ್ಪರ್ಧೆಗೆ ಹೋದಾಗ ಮುಂದಿನ ಸಾಲಿನಲ್ಲಿ ಕೂರಬೇಡಿ. ಮಗುವಿನ ಮುಖ ಕಾಣುತ್ತೆ, ಶೋ ಕಾಣಲ್ಲ. ಮೇಲೆ, ಐವತ್ತು ಗಜದ ಗೆರೆಯ ನೇರಕ್ಕೆ ಕೂತುಕೊಳ್ಳಿ. ನಿಮ್ಮ ಶಾಲೆಯ ಸರದಿ ಮುಗಿದ ಕೂಡಲೇ ಎದ್ದು ಹೋಗಬೇಡಿ, ಇನ್ನೆರಡು ಬ್ಯಾಂಡ್ ನೋಡಿ. ರಾತ್ರಿ ಚಳಿ ಇರುತ್ತೆ, ಹೊದಿಕೆ ಇರಲಿ. ಮನೆಗೆ ಬಂದ ಮೇಲೆ ಮಗುವಿಗೆ ಆ ಶೋ ಹೇಗಿತ್ತು ಅಂತ ನೀವೇ ಹೇಳಿ. ವೃತ್ತ ಹೇಗೆ ಒಡೆಯಿತು, ಮಗುವಿನ ಜಾಗ ಎಲ್ಲಿತ್ತು, ಮೇಲಿನಿಂದ ಏನು ಕಂಡಿತು ಅಂತ ವಿವರವಾಗಿ ಹೇಳಿ. ಅದಕ್ಕೆ ಗೊತ್ತಿರಲ್ಲ.

ನನ್ನ ಮಾತು ಇಷ್ಟು. ಈಗ ಪ್ರಶ್ನೆಗಳು. ಮೊದಲು ಮಕ್ಕಳು ಕೇಳಲಿ, ಆಮೇಲೆ ದೊಡ್ಡವರು.