ಪಾಯ ನೋಡಿ, ಗೋಡೆ ಏರಿಸಿ

ಭದ್ರಾವತಿ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಮಳೆಗಾಲದಲ್ಲಿ ಮನೆ ಕಳೆದುಕೊಂಡು, ಪರಿಹಾರದ ಮೊದಲ ಕಂತು ಹಿಡಿದು ಮೇಸ್ತ್ರಿಯ ದಾರಿ ಕಾಯುತ್ತಿದ್ದೀರಲ್ಲ, ಈ ಮಾತು ನಿಮಗೆ. ಹೇಳಬೇಕಾದದ್ದು ಒಂದೇ: ಪಾಯ ನೋಡಿ, ಆಮೇಲೆ ಗೋಡೆ ಏರಿಸಿ.

ನೇಪಾಳದಲ್ಲಿ ಏನಾಯಿತು ಕೇಳಿ. 2015ರ ಏಪ್ರಿಲ್ 25, ಶನಿವಾರ. ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ 7.8 ತೀವ್ರತೆಯ ಭೂಕಂಪ. ಸುಮಾರು 9,000 ಜನ ತೀರಿಕೊಂಡರು, ಸುಮಾರು 5 ಲಕ್ಷ ಮನೆಗಳು ನೆಲಕಚ್ಚಿದವು. ಬಿದ್ದವುಗಳಲ್ಲಿ ಬಹುಪಾಲು ಕಲ್ಲು ಮತ್ತು ಕೆಸರುಮಣ್ಣಿನಲ್ಲಿ ಕಟ್ಟಿದ ಹಳ್ಳಿಮನೆಗಳು. ಒಳಗೊಂದು ಸಾಲು ಕಲ್ಲು, ಹೊರಗೊಂದು ಸಾಲು, ನಡುವೆ ಚೂರುಕಲ್ಲು. ಎರಡೂ ಸಾಲನ್ನು ಹಿಡಿಯುವ ಉದ್ದಗಲ್ಲು ಇಲ್ಲ, ಮೂಲೆಯಲ್ಲಿ ಕಟ್ಟು ಇಲ್ಲ. ನೆಲ ಅಲುಗಿದಾಗ ಒಂದೊಂದು ಗೋಡೆ ಒಂದೊಂದು ದಿಕ್ಕಿಗೆ ಹೋಯಿತು.

ಬಡ ದೇಶ, ಬೆಟ್ಟದ ಊರುಗಳು. ಮನೆ ಕಟ್ಟಲು ಸರ್ಕಾರದ ನೆರವು ಮೊದಲು 2 ಲಕ್ಷ, ನಂತರ 3 ಲಕ್ಷ ನೇಪಾಳಿ ರೂಪಾಯಿ ಎಂದು ನಿಗದಿಯಾಯಿತು. ಆ 3 ಲಕ್ಷ ನಮ್ಮ ಲೆಕ್ಕದಲ್ಲಿ 1,87,500 ರೂಪಾಯಿ. ಒಪ್ಪಂದಕ್ಕೆ ಸಹಿ ಮಾಡಿದಾಗ 50,000 ನೇಪಾಳಿ ರೂಪಾಯಿ ಕೊಟ್ಟರು. ಅಲ್ಲಿಗೆ ನಿಂತಿತು. ಎಂಜಿನಿಯರ್ ಊರಿಗೆ ಹೋಗಿ ಪಾಯ ನೋಡಿ ಒಪ್ಪಿದ ಮೇಲೇ ಎರಡನೇ ಕಂತು, 1,50,000. ಗೋಡೆ ಎದ್ದ ಮೇಲೆ ಮತ್ತೆ ಪರೀಕ್ಷೆ, ಉಳಿದ 1,00,000. ಗಮನಿಸಿ, ದೊಡ್ಡ ಕಂತನ್ನು ಇಟ್ಟದ್ದು ಪಾಯದ ಪರೀಕ್ಷೆಯ ಆಚೆಗೆ. ಇದಕ್ಕಿಂತ ಜಾಣತನದ ನಿಯಮ ನನಗೆ ಕಂಡಿಲ್ಲ.

ಸುಲಭವಾಗಿ ಆಗಲಿಲ್ಲ. ತಡವಾಯಿತು, ಜನ ಬೈದರು. ಕಾಯಲಾರದೆ ಕಟ್ಟಿದವರ ಗೋಡೆ ನಿಯಮಕ್ಕೆ ಸರಿಬಾರದೆ ತಿದ್ದಬೇಕಾಯಿತು. ಹಣ ಸಾಲದೆ ಎಷ್ಟೋ ಮಂದಿ ಸಾಲ ಮಾಡಿದರು, ಕೆಲವರು ಒಂದೇ ಕೋಣೆಗೆ ನಿಲ್ಲಿಸಿದರು. ಆದರೆ ಹಳ್ಳಿಯ ಗಾರೆಯವರಿಗೆ ಏಳು ದಿನದ ತರಬೇತಿ ಸಿಕ್ಕಿತು. ಎತ್ತರದಲ್ಲಿ ಎರಡಡಿಗೆ, ಉದ್ದದಲ್ಲಿ ನಾಲ್ಕಡಿಗೆ ಒಂದು ಉದ್ದಗಲ್ಲು. ಪಾಯದ ಮೇಲೆ, ಕಿಟಕಿಯ ಕೆಳಗೆ, ಬಾಗಿಲು-ಕಿಟಕಿಯ ಮೇಲಿನ ಲಿಂಟಲ್‌ನಲ್ಲಿ, ಸೂರಿನಡಿಯಲ್ಲಿ ಮನೆಯ ಸುತ್ತ ಪಟ್ಟಿ. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುವ ಹಾಗೆ.

ನಮ್ಮಲ್ಲಿ ಭೂಕಂಪವಲ್ಲ, ನೀರು ಎನ್ನುತ್ತೀರಿ. ನೀರು ಹಿಡಿಯುವುದೂ ಬುಡವನ್ನೇ. 2019ರ ಆಗಸ್ಟ್‌ನಲ್ಲಿ ತುಂಗೆ ಶಿವಮೊಗ್ಗದ ಬಡಾವಣೆಗಳಿಗೆ ನುಗ್ಗಿದ್ದು ನೆನಪಿದೆಯಲ್ಲ. ಮಣ್ಣಿನ ಗೋಡೆಯ ಕೆಳಗಿನ ಒಂದೆರಡಡಿ ನೆನೆದು ಮೆತ್ತಗಾದರೆ ಮೇಲಿನ ಹೆಂಚಿನ ಭಾರ ತಡೆಯುವುದಿಲ್ಲ. ಕೆಲವು ಗೋಡೆ ನೀರು ಇಳಿದ ಮೇಲೂ ಬೀಳುತ್ತವೆ. ಅದಕ್ಕೇ ಹೇಳುವುದು, ಪಾಯ ನೋಡಿ.

ಏನು ನೋಡಬೇಕು? ಗಟ್ಟಿ ನೆಲ ಸಿಗುವವರೆಗೆ ಅಗೆದಿದ್ದಾರೆಯೇ, ಇಲ್ಲವೇ ತುಂಬಿದ ಮಣ್ಣಿನ ಮೇಲೇ ಕಲ್ಲು ಕೂರಿಸಿದ್ದಾರೆಯೇ ನೋಡಿ. ಪಾಯ ಅಂಗಳದಿಂದ ಒಂದೂವರೆ ಅಡಿಯಾದರೂ ಮೇಲೆ ಬರಲಿ. ನೆರೆ ಬಂದ ಜಾಗವಾದರೆ ಹಳೆಯ ನೀರಿನ ಗುರುತಿಗಿಂತ ಒಂದಡಿ ಮೇಲೆ. ಪಾಯದ ಮೇಲೆ ಗೋಡೆಯಷ್ಟೇ ಅಗಲದ, ಮೂರಿಂಚು ದಪ್ಪದ ಕಾಂಕ್ರೀಟ್ ಪಟ್ಟಿ. ಒಳಗೆ 10 ಮಿಲಿಮೀಟರಿನ ಎರಡು ಕಂಬಿ, ಆರಿಂಚಿಗೊಂದು 6 ಮಿಲಿಮೀಟರಿನ ಅಡ್ಡಕಂಬಿ. ತಪ್ಪುವುದು ಮೂಲೆಯಲ್ಲಿ: ಕಂಬಿಯನ್ನು ಅಲ್ಲಿಗೇ ಕತ್ತರಿಸಿಬಿಡುತ್ತಾರೆ. ಕತ್ತರಿಸಬಾರದು, ಬಗ್ಗಿಸಿ ಪಕ್ಕದ ಗೋಡೆಗೆ ಒಯ್ಯಬೇಕು. ಜೋಡಿಸುವಲ್ಲಿ 50 ಸೆಂಟಿಮೀಟರ್ ಒಂದರ ಮೇಲೊಂದು ಬರಲಿ. ಕಂಬಿ ಕಲ್ಲಿಗೆ ತಾಗಿ ಮಲಗಬಾರದು, ಕೆಳಗೆ ಒಂದಿಂಚು ಕಾಂಕ್ರೀಟ್ ಇರಬೇಕು. ಸಿಮೆಂಟ್ ಒಂದು ಪಾಲು, ಮರಳು ಒಂದೂವರೆ, ಜಲ್ಲಿ ಮೂರು. ಚೀಲಕ್ಕೆ ನೀರು 25 ಲೀಟರ್ ಸಾಕು. ಸುರಿಯಲು ಸುಲಭವೆಂದು ಇನ್ನೊಂದು ಕೊಡ ನೀರು ಸೇರಿಸುವುದನ್ನು ದಯವಿಟ್ಟು ನಿಲ್ಲಿಸಿ. ನೀರು ಹೆಚ್ಚಾದಷ್ಟೂ ಕಾಂಕ್ರೀಟ್ ಸೊರಗುತ್ತದೆ. ಏಳು ದಿನವಾದರೂ ಗೋಣಿಚೀಲ ಹೊದಿಸಿ ನೆನೆಸಿ. ಅಡಿಕೆ ಕೊಯ್ಲಿಗೆ ಆಳುಗಳು ಹೊರಟುಬಿಡುತ್ತಾರೆಂದು ಮಾರನೇ ದಿನವೇ ಗೋಡೆ ಏರಿಸಬೇಡಿ.

ಸಮಯ ಕಡಿಮೆಯಿದೆ, ಧರೆ, ಅಂದರೆ ಕಡಿದ ಗುಡ್ಡದ ಬದಿ, ಮತ್ತು ಬಾವಿಯ ವಿಷಯ ಬೇಗ ಹೇಳುತ್ತೇನೆ. ಮನೆಯ ಹಿಂದೆ ಧರೆಯನ್ನು ನೆಟ್ಟಗೆ ಕಡಿಯಬೇಡಿ. ಧರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರ ಬಿಟ್ಟು ಕಟ್ಟಿ. ಮೇಲಿನ ನೀರನ್ನು ಕಾಲುವೆ ತೆಗೆದು ಪಕ್ಕಕ್ಕೆ ತಿರುಗಿಸಿ. ಧರೆಯ ಮೇಲೆ ಬಿರುಕು ಕಂಡರೆ ಆ ಮನೆಯಲ್ಲಿ ರಾತ್ರಿ ಮಲಗಬೇಡಿ. ನೆರೆ ಹೊಕ್ಕ ಬಾವಿಗೆ ಸಾವಿರ ಲೀಟರಿಗೆ 5 ಗ್ರಾಂ ಬ್ಲೀಚಿಂಗ್ ಪುಡಿ, ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿ ಮಾತ್ರ ಹಾಕಿ, ಒಂದು ಗಂಟೆ ಬಿಡಿ. ಕುಡಿಯುವ ನೀರನ್ನು ಆಮೇಲೂ ಕುದಿಸಿ.

ನಮ್ಮ ವಸತಿ ಯೋಜನೆಗಳಲ್ಲೂ ಹಂತ ನೋಡಿಯೇ ಹಣ ಬಿಡುತ್ತಾರೆ, ಫೋಟೊ ತೆಗೆಯುತ್ತಾರೆ. ಆದರೆ ಮುಗಿದ ಪಾಯದ ಫೋಟೊದಲ್ಲಿ ಒಳಗಿನ ಕಂಬಿ ಕಾಣುವುದಿಲ್ಲ. ಕಾಂಕ್ರೀಟ್ ಸುರಿಯುವ ಮುಂಚೆ, ಕಂಬಿ ತೆರೆದಿರುವಾಗಲೇ, ನಾಲ್ಕೂ ಮೂಲೆಯನ್ನು ನೀವೇ ನೋಡಿ. ನಿಮ್ಮದೇ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಕಂಬಿ ಬಗ್ಗದೆ ನಿಂತಿದ್ದರೆ ಅಂದಿನ ಕೆಲಸ ನಿಲ್ಲಿಸಿ, ಸರಿಮಾಡಿಸಿದ ಮೇಲೆ ಸುರಿಸಿ. ನಮಸ್ಕಾರ.